ಬರ್ಲಿನ್‌ಗೆ ಹೊಸದಾಗಿ ಬಂದವರಿಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಬರ್ಲಿನ್‌ಗೆ ಕೆಲಸಕ್ಕೋ ಓದಿಗೋ ಬಂದವರು ಕೇಳುವ ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆ ಬೇರೆ. ಮೊದಲ ಸಂಬಳದಲ್ಲಿ ತೆರಿಗೆ ಯಾಕೆ ಇಷ್ಟು ಹಿಡಿದರು? ಬ್ಯಾಂಕಿನವರು ಕಾರ್ಡ್ ಕಳಿಸಿದ್ದೇವೆ ಅಂತಾರೆ, ಕೈಗೆ ಮಾತ್ರ ಬಂದಿಲ್ಲ. ವೀಸಾ ಮುಗಿಯುತ್ತಾ ಬಂತು, ಏನು ಮಾಡಲಿ? ಬಿಡಿಸಿ ನೋಡಿದರೆ ಹೆಚ್ಚಿನ ಸಲ ಬೇರು ಒಂದೇ ಕಡೆ ಇರುತ್ತದೆ. ವಿಳಾಸದ ನೋಂದಣಿ ಆಗಿಲ್ಲ, ಅಥವಾ ಆಗಿದ್ದರೂ ಅಂಚೆ ಡಬ್ಬಿಯ ಮೇಲೆ ಅವರ ಹೆಸರಿಲ್ಲ.

ಈ ನೋಂದಣಿಗೆ ಇಲ್ಲಿ ಆನ್‌ಮೆಲ್ಡುಂಗ್ ಅನ್ನುತ್ತಾರೆ. ತೆರಿಗೆ ಸಂಖ್ಯೆ, ರೆಸಿಡೆನ್ಸ್ ಪರ್ಮಿಟ್, ಎಷ್ಟೋ ಬ್ಯಾಂಕ್ ಖಾತೆಗಳು, ಎಲ್ಲ ಈ ಒಂದು ಕಾಗದದ ಹಿಂದೆ ಸಾಲಾಗಿ ನಿಂತಿವೆ. ಅದಕ್ಕೇ ಕ್ರಮ ಮುಖ್ಯ. ಕೆಳಗೆ ಬರೆದಿರುವುದನ್ನು ಅದೇ ಕ್ರಮದಲ್ಲಿ ಮಾಡಿ. ಸುತ್ತಾಟ ಆಮೇಲೆ ಇದ್ದೇ ಇದೆ, ಮೊದಲ ಆರು ವಾರ ಈ ಕೆಲಸಕ್ಕೆ ಕೊಡಿ.

## ಹೊರಡುವ ಮುಂಚೆ: ಕಾಗದ ಮತ್ತು ಸಾಮಾನು

ಮೂಲ ಪ್ರತಿಗಳನ್ನೇ ತನ್ನಿ, ಅದೂ ಕೈಚೀಲದಲ್ಲಿ. ಪಾಸ್‌ಪೋರ್ಟ್, ಕೆಲಸದ ಒಪ್ಪಂದ ಅಥವಾ ಕಾಲೇಜಿನ ಪ್ರವೇಶ ಪತ್ರ, ಪದವಿ ಸರ್ಟಿಫಿಕೇಟುಗಳು. ಸಂಸಾರ ಜೊತೆಗಿದ್ದರೆ ಮದುವೆ ನೋಂದಣಿ ಪತ್ರ ಮತ್ತು ಮಕ್ಕಳ ಜನನ ಪತ್ರ. ದೇವಸ್ಥಾನದವರೋ ಛತ್ರದವರೋ ಕೊಟ್ಟ ಮದುವೆ ಪತ್ರ ಸಾಲುವುದಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯದ್ದೇ ಬೇಕು. ಇವುಗಳ ಜರ್ಮನ್ ಅನುವಾದವನ್ನೂ ಅಧಿಕೃತ ಅನುವಾದಕರಿಂದ ಮಾಡಿಸಿಟ್ಟುಕೊಳ್ಳಿ.

ನಮ್ಮವರು ಹೆಚ್ಚು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ, ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಮದುವೆ ಪತ್ರದಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಊರಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಕೌಂಟರಿನಲ್ಲಿ ಕೂತವರಿಗೆ ಅದು ಇಬ್ಬರು ಬೇರೆ ಬೇರೆ ಮನುಷ್ಯರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ವೀಸಾಕ್ಕೆ ಅರ್ಜಿ ಹಾಕುವ ಮುಂಚೆಯೇ ಸರಿಮಾಡಿಸಿ. ಇಲ್ಲಿನ ಪ್ರತಿಯೊಂದು ಫಾರಂ ಕೇಳುವುದೇ ಕುಟುಂಬದ ಹೆಸರನ್ನು, ಆಮೇಲೆ ಒಂದೊಂದು ಕಚೇರಿಯೂ ಒಂದೊಂದು ಥರ ತುಂಬಿಸಿ ಗೋಜಲಾಗುತ್ತದೆ.

ಸಾಮಾನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹಾಲಿನ ಪದಾರ್ಥ ಮತ್ತು ಮಾಂಸವನ್ನು ಯುರೋಪಿಯನ್ ಯೂನಿಯನ್ ಒಳಗೆ ತರುವಂತಿಲ್ಲ. ಹಾಗಾಗಿ ತುಪ್ಪದ ಡಬ್ಬಿ, ಧಾರವಾಡ ಪೇಡ ಬಿಟ್ಟು ಬನ್ನಿ. ಹಸಿ ಕರಿಬೇವೂ ಬೇಡ, ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ಸಾರಿನ ಪುಡಿ, ಬೇಳೆಗೆ ತೊಂದರೆ ಇಲ್ಲ. ಔಷಧಿ ನಿಮ್ಮ ಬಳಕೆಗೆ ಮೂರು ತಿಂಗಳಿಗೆ ಆಗುವಷ್ಟು ತರಬಹುದು, ಡಾಕ್ಟರ ಚೀಟಿ ಜೊತೆಗಿರಲಿ.

ದುಡ್ಡು: ಕನಿಷ್ಠ ಆರು ವಾರದ ಖರ್ಚು ನಿಮ್ಮ ಭಾರತದ ಕಾರ್ಡಿನಿಂದಲೋ ಫಾರೆಕ್ಸ್ ಕಾರ್ಡಿನಿಂದಲೋ ನಡೆಯುವಂತಿರಬೇಕು. ಸ್ವಲ್ಪ ನೋಟುಗಳೂ ಇರಲಿ. ಚಿಕ್ಕ ಅಂಗಡಿ, ಹೋಟೆಲುಗಳಲ್ಲಿ ಇವತ್ತಿಗೂ ಕಾರ್ಡ್ ಬೇಡ ಅನ್ನುವವರಿದ್ದಾರೆ.

## 1. ನೋಂದಣಿಗೆ ಒಪ್ಪುವ ಮನೆಯನ್ನೇ ಹಿಡಿಯಿರಿ

ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ವಿಮಾನ ಹತ್ತುವ ಮುಂಚೆಯೇ. ‘ಮೊದಲ ತಿಂಗಳು ಎಲ್ಲಾದರೂ ಇದ್ದರಾಯಿತು, ಆಮೇಲೆ ನಿಧಾನಕ್ಕೆ ಮನೆ ಹುಡುಕೋಣ’ ಅಂತ ಹೋಟೆಲನ್ನೋ ಪ್ರವಾಸಿಗರಿಗೆ ಕೊಡುವ ಮನೆಯನ್ನೋ ಬುಕ್ ಮಾಡಿಬಿಡುತ್ತಾರೆ. ಅಂಥ ಕಡೆ ಸಾಮಾನ್ಯವಾಗಿ ನೋಂದಣಿಗೆ ಬೇಕಾದ ಸಹಿ ಕೊಡುವುದಿಲ್ಲ. ಬರ್ಲಿನ್‌ನಲ್ಲಿ ಒಂದು ತಿಂಗಳಲ್ಲಿ ಖಾಯಂ ಮನೆ ಸಿಗುವುದು ಅಪರೂಪ. ಅಲ್ಲಿಗೆ ಎಲ್ಲ ಕೆಲಸ ನಿಂತುಹೋಗುತ್ತದೆ.

ಆದ್ದರಿಂದ ಮೊದಲ ಮನೆ ಚಿಕ್ಕದಾದರೂ ಪರವಾಗಿಲ್ಲ, ದೂರವಾದರೂ ಪರವಾಗಿಲ್ಲ, ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ, ಅಲ್ಲಿ ನೋಂದಣಿ ಮಾಡಿಸೋಕೆ ಒಪ್ಪಬೇಕು. ಎರಡು ಮೂರು ತಿಂಗಳಿಗೆ ಸಿಗುವ ಸಾಮಾನು ಸಹಿತದ ಮನೆ, ಬೇರೆಯವರ ಜೊತೆ ಹಂಚಿಕೊಳ್ಳುವ ಮನೆಯಲ್ಲಿ ಒಂದು ರೂಮು, ಕಂಪನಿ ಕೊಡುವ ಅಪಾರ್ಟ್‌ಮೆಂಟ್, ವಿದ್ಯಾರ್ಥಿ ನಿಲಯ, ಯಾವುದಾದರೂ ಸರಿ. ದುಡ್ಡು ಕಳಿಸುವ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ಆನ್‌ಮೆಲ್ಡುಂಗ್ ಮಾಡಿಸಬಹುದಾ, ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್ ಕೊಡುತ್ತೀರಾ?’ ಈ ಉದ್ದನೆಯ ಹೆಸರಿನದ್ದು ಒಂದು ಪುಟದ ಫಾರಂ. ಇಂಥವರು ಇಂಥ ತಾರೀಖಿಗೆ ನನ್ನ ಮನೆಗೆ ಬಂದಿದ್ದಾರೆ ಅಂತ ಮನೆ ಕೊಟ್ಟವರು ಸಹಿ ಹಾಕುತ್ತಾರೆ. ಮಾಲೀಕರೇ ಹಾಕಬೇಕೆಂದಿಲ್ಲ, ನಿಮಗೆ ಒಳಬಾಡಿಗೆಗೆ ಕೊಟ್ಟ ಮುಖ್ಯ ಬಾಡಿಗೆದಾರರೂ ಹಾಕಬಹುದು. ಬಾಡಿಗೆ ಕರಾರು ಇದಕ್ಕೆ ಬದಲಿ ಅಲ್ಲ. ಕರಾರು ತೋರಿಸಿ ವಾಪಸ್ ಬಂದವರು ಬೇಕಾದಷ್ಟು ಜನ.

ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ‘ಬಂದ ಮೇಲೆ ನೋಡೋಣ’ ಅಂದರೆ ಇಲ್ಲ ಅಂತಲೇ ಅರ್ಥ.

ಎಚ್ಚರಿಕೆ ಒಂದಿದೆ. ಬರೀ ನೋಂದಣಿಗೆ ವಿಳಾಸ ಕೊಡುತ್ತೇವೆ, ಇಷ್ಟು ಯೂರೋ ಕೊಡಿ ಅಂತ ಮಾರುವವರು ಸಿಗುತ್ತಾರೆ. ನೀವು ವಾಸ ಇಲ್ಲದ ಮನೆಯಲ್ಲಿ ನೋಂದಣಿ ಮಾಡಿಸುವುದು ಕಾನೂನಿಗೆ ವಿರುದ್ಧ. ಹಾಗೆ ವಿಳಾಸ ಕೊಟ್ಟವರಿಗೆ 50,000 ಯೂರೋ ತನಕ ದಂಡ ಹಾಕಬಹುದು. ನಿಮ್ಮ ಕಾಗದಗಳೆಲ್ಲ ಯಾರದೋ ಮನೆಗೆ ಹೋಗುತ್ತಾ ಇರುತ್ತವೆ, ಅದು ಇನ್ನೂ ದೊಡ್ಡ ತಲೆನೋವು.

## 2. ಟರ್ಮಿನ್ ಊರಿನಿಂದಲೇ ಹಿಡಿಯಿರಿ

ಟರ್ಮಿನ್ ಅಂದರೆ ಅಪಾಯಿಂಟ್‌ಮೆಂಟ್. ಬರ್ಲಿನ್‌ನಲ್ಲಿ ಈ ಮಾತು ಕೇಳದ ದಿನ ಇರುವುದಿಲ್ಲ. ನೋಂದಣಿ ಆಗುವುದು ಬ್ಯುರ್ಗರ್‌ಆಮ್ಟ್ ಅನ್ನುವ ನಾಗರಿಕ ಸೇವಾ ಕಚೇರಿಯಲ್ಲಿ. ಮನೆಗೆ ಬಂದ ಎರಡು ವಾರದೊಳಗೆ ನೋಂದಣಿ ಮಾಡಿಸಬೇಕು ಅಂತ ಕಾನೂನಿದೆ, ತಡ ಮಾಡಿದರೆ 1,000 ಯೂರೋವರೆಗೆ ದಂಡ ಹಾಕುವ ಅಧಿಕಾರವೂ ಇದೆ. ಆದರೆ ಟರ್ಮಿನ್ ಎರಡು ವಾರದಲ್ಲಿ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಅದಕ್ಕೇ ಬರುವ ತಾರೀಖು ಗಟ್ಟಿಯಾದ ಕೂಡಲೇ, ಇನ್ನೂ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವಾಗಲೇ, ನಗರದ ಸೇವಾ ಜಾಲತಾಣದಲ್ಲಿ ಬುಕ್ ಮಾಡಿ. ಹೆಸರು ಮತ್ತು ಇಮೇಲ್ ಇದ್ದರೆ ಸಾಕು. ಬುಕ್ ಮಾಡಿದ ಮೇಲೆ ಬರುವ ಇಮೇಲನ್ನು ಜೋಪಾನ ಮಾಡಿ, ವಿಳಂಬ ಯಾಕೆ ಅಂತ ಯಾರಾದರೂ ಕೇಳಿದರೆ ಅದೇ ನಿಮ್ಮ ಪುರಾವೆ.

ಬರ್ಲಿನ್ ಒಳಗಿನ ಯಾವ ಬ್ಯುರ್ಗರ್‌ಆಮ್ಟ್ ಆದರೂ ನಡೆಯುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ತಮ್ಮ ಏರಿಯಾದ ಕಚೇರಿಯಲ್ಲೇ ಹುಡುಕುತ್ತಾ ಕೂರುತ್ತಾರೆ. ಹುಡುಕುವಾಗ ‘ಇಡೀ ಬರ್ಲಿನ್’ ಆಯ್ಕೆ ಒತ್ತಿ. ಸ್ಪಾಂಡಾವ್, ಮಾರ್ತ್ಸಾನ್, ಕ್ಯೋಪೆನಿಕ್ ಥರದ ಅಂಚಿನ ಕಡೆಗೂ ಹೋಗೋಕೆ ತಯಾರಿರಿ, ರೈಲಿನಲ್ಲಿ ಒಂದು ಗಂಟೆ ಕೂತರೆ ಕೆಲಸ ಮುಗಿಯುತ್ತದೆ ಅಲ್ವಾ.

ಪುಟ ಪೂರ್ತಿ ಕೆಂಪು ಕಂಡರೆ, ಅಂದರೆ ಒಂದೂ ಟರ್ಮಿನ್ ಖಾಲಿ ಇಲ್ಲದಿದ್ದರೆ, ಬಿಟ್ಟು ಏಳಬೇಡಿ. ಬೆಳಿಗ್ಗೆ ಕಚೇರಿ ಶುರುವಾಗುವ ಹೊತ್ತಿಗೆ ಮತ್ತೆ ನೋಡಿ, ಬೇರೆಯವರು ರದ್ದು ಮಾಡಿದ ಜಾಗಗಳು ದಿನವಿಡೀ ಒಂದೊಂದಾಗಿ ಬರುತ್ತಲೇ ಇರುತ್ತವೆ. 115 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು, ಜರ್ಮನ್ ಬರುವ ಸ್ನೇಹಿತರು ಪಕ್ಕದಲ್ಲಿದ್ದರೆ ಒಳ್ಳೆಯದು. ಟರ್ಮಿನ್‌ಗೆ ದುಡ್ಡಿಲ್ಲ. ಯಾರಾದರೂ ದುಡ್ಡಿಗೆ ಟರ್ಮಿನ್ ಕೊಡಿಸುತ್ತೇವೆ ಅಂದರೆ ದೂರ ಇರಿ.

ಆನ್‌ಲೈನಿನಲ್ಲೇ ನೋಂದಣಿ ಆಗುತ್ತದಂತೆ ಅಂತ ಕೇಳುವವರಿಗೆ: ಅದು ಈಗಾಗಲೇ ಜರ್ಮನಿಯಲ್ಲಿ ನೋಂದಣಿಯಾಗಿದ್ದು ಮನೆ ಬದಲಾಯಿಸುವವರಿಗೆ. ಹೊರದೇಶದಿಂದ ಮೊದಲ ಸಲ ಬಂದವರು ಖುದ್ದಾಗಿ ಹೋಗಲೇಬೇಕು.

## 3. ಇಳಿದ ದಿನ: ಟಿಕೆಟ್ ಮತ್ತು ಅಂಚೆ ಡಬ್ಬಿ

ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ, ಊರು ಇರುವುದು ಎ ಮತ್ತು ಬಿ ವಲಯದಲ್ಲಿ. ಹಾಗಾಗಿ ಎಬಿಸಿ ಟಿಕೆಟ್ ಬೇಕು, ಬರೀ ಎಬಿ ಸಾಲದು. ಕಾಗದದ ಟಿಕೆಟ್ ಆದರೆ ಪ್ಲಾಟ್‌ಫಾರಂನಲ್ಲಿರುವ ಚಿಕ್ಕ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಂಡೇ ರೈಲು ಹತ್ತಿ. ನಮ್ಮ ಮೆಟ್ರೋ ಥರ ಗೇಟ್ ಇರುವುದಿಲ್ಲ, ಯಾರೂ ತಡೆಯುವುದಿಲ್ಲ. ಮಾಮೂಲಿ ಬಟ್ಟೆಯಲ್ಲಿ ಬರುವ ತಪಾಸಣೆಯವರ ಕೈಗೆ ಸಿಕ್ಕರೆ 60 ಯೂರೋ ದಂಡ. ಟಿಕೆಟ್ ಇದೆ, ಮುದ್ರೆ ಮಾತ್ರ ಮರೆತೆ ಅಂದರೂ ದಂಡವೇ. ಮೊಬೈಲಿನಲ್ಲಿ ಕೊಳ್ಳುವುದಾದರೆ ಹತ್ತುವ ಮುಂಚೆಯೇ ಕೊಂಡಿರಬೇಕು.

ಮನೆಗೆ ತಲುಪಿದ ಮೇಲೆ ಮಲಗುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ: ಅಂಚೆ ಡಬ್ಬಿಗೆ ಹೆಸರು ಅಂಟಿಸುವುದು. ಸಣ್ಣ ಕೆಲಸ ಅನ್ನಿಸುತ್ತದೆ, ಆದರೆ ಇದನ್ನು ಬಿಟ್ಟವರು ಪಡುವ ಪಾಡು ಸಣ್ಣದಲ್ಲ.

ಬರ್ಲಿನ್‌ನ ಹಳೆಯ ಕಟ್ಟಡಗಳಲ್ಲಿ ಮನೆಗಳಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ. ರಸ್ತೆ, ಕಟ್ಟಡದ ನಂಬರ್, ಅಷ್ಟೇ. ಆ ಒಂದು ನಂಬರಿನ ಒಳಗೆ ರಸ್ತೆಗೆ ಮುಖ ಮಾಡಿದ ಮುಂದಿನ ಕಟ್ಟಡ, ಅಂಗಳ ದಾಟಿದರೆ ಹಿಂದಿನ ಕಟ್ಟಡ, ಪಕ್ಕದ ಸಾಲು, ಹೀಗೆ ಮೂವತ್ತು ನಲವತ್ತು ಸಂಸಾರ ಇರಬಹುದು. ದೊಡ್ಡ ಬಾಗಿಲು ತೆರೆದ ಕೂಡಲೇ ಗೋಡೆಗೆ ಸಾಲಾಗಿ ತಗಡಿನ ಡಬ್ಬಿಗಳು. ಪ್ರತಿಯೊಂದರ ಮೇಲೂ ಬೆರಳುದ್ದದ ಪಟ್ಟಿಯಲ್ಲಿ ಒಂದು ಹೆಸರು, ಕೆಲವಕ್ಕೆ ಹಳೆಯ ಹೆಸರಿನ ಮೇಲೆ ಟೇಪ್ ಅಂಟಿಸಿ ಇನ್ನೊಂದು. ಅಂಚೆಯವರು ಓದುವುದು ಆ ಪಟ್ಟಿಯನ್ನು ಮಾತ್ರ. ನಿಮ್ಮ ಹೆಸರು ಅಲ್ಲಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ, ಯಾರೂ ನಿಮಗೆ ಫೋನ್ ಮಾಡಿ ಕೇಳುವುದಿಲ್ಲ.

ಏನು ಬರೆಯಬೇಕು? ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಇರುವುದನ್ನೇ ಬರೆಯಬೇಕು. ನಮ್ಮಲ್ಲಿ ಅದು ಅಪ್ಪನ ಹೆಸರಾಗಿರಬಹುದು, ಊರಿನ ಹೆಸರಾಗಿರಬಹುದು, ಮನೆತನದ ಹೆಸರಾಗಿರಬಹುದು. ಸ್ನೇಹಿತರು ಮಂಜು ಅಂತ ಕರೆದರೂ ಸರ್ಕಾರದ ಕಾಗದ ಬರುವುದು ಬಸಪ್ಪ ಅನ್ನುವವರ ಹೆಸರಿಗೆ, ಯಾಕಂದರೆ ಪಾಸ್‌ಪೋರ್ಟ್ ಹಾಗೆ ಹೇಳುತ್ತದೆ. ಗಂಡ ಹೆಂಡತಿಯ ಕೊನೆಯ ಹೆಸರು ಬೇರೆ ಬೇರೆ ಇದ್ದರೆ ಎರಡನ್ನೂ ಬರೆಯಿರಿ. ಮಗುವಿನದು ಮೂರನೆಯದಾಗಿದ್ದರೆ ಅದನ್ನೂ ಸೇರಿಸಿ. ಹಂಚಿಕೊಂಡ ಮನೆಯಾದರೆ ಮುಖ್ಯ ಬಾಡಿಗೆದಾರರ ಹೆಸರಿನ ಕೆಳಗೆ ನಿಮ್ಮದು. ಕರೆಗಂಟೆಯ ಪಕ್ಕದಲ್ಲೂ ಹಾಕಿಸಿ. ಮನೆ ಕೊಟ್ಟವರು ಡಬ್ಬಿ ಮೇಲೆ ಹೆಸರು ಹಾಕಬೇಡಿ ಅಂದರೆ ಅದು ಕೆಟ್ಟ ಸೂಚನೆ. ಆ ಒಳಬಾಡಿಗೆಗೆ ಮಾಲೀಕರ ಒಪ್ಪಿಗೆ ಇಲ್ಲದೇ ಇರಬಹುದು.

## 4. ನೋಂದಣಿಯ ದಿನ

ತೆಗೆದುಕೊಂಡು ಹೋಗಬೇಕಾದ್ದು: ಪಾಸ್‌ಪೋರ್ಟ್ ಮತ್ತು ಅದರೊಳಗಿನ ವೀಸಾ, ತುಂಬಿಸಿದ ನೋಂದಣಿ ಫಾರಂ, ಮನೆ ಕೊಟ್ಟವರು ಸಹಿ ಹಾಕಿದ ಫಾರಂ, ಸಂಸಾರ ಇದ್ದರೆ ಮದುವೆ ಮತ್ತು ಜನನ ಪತ್ರಗಳು. ಎಲ್ಲರ ಪಾಸ್‌ಪೋರ್ಟೂ ಬೇಕು. ಮನೆಯವರ ಫಾರಂನಲ್ಲಿ ಬಂದವರೆಲ್ಲರ ಹೆಸರು, ಮನೆಗೆ ಬಂದ ತಾರೀಖು, ಸಹಿ ಇದೆಯಾ ಅಂತ ಹಿಂದಿನ ದಿನವೇ ನೋಡಿ. ಮಗುವಿನ ಹೆಸರು ಬಿಟ್ಟುಹೋಗಿರುವುದು, ತಾರೀಖು ಹಾಕದೇ ಇರುವುದು, ಇವೇ ಸಾಮಾನ್ಯ.

ಹತ್ತು ನಿಮಿಷ ಮುಂಚೆ ಹೋಗಿ. ಇಮೇಲಿನಲ್ಲಿ ಬಂದ ನಂಬರ್ ಪರದೆಯ ಮೇಲೆ ಬರುತ್ತದೆ, ಪಕ್ಕದಲ್ಲೇ ಯಾವ ಟೇಬಲ್ ಅಂತ ಇರುತ್ತದೆ. ಐದು ನಿಮಿಷ ತಡವಾದರೂ ನಿಮ್ಮ ನಂಬರ್ ದಾಟಿಹೋಗಬಹುದು. ಕೌಂಟರಿನಲ್ಲಿ ಮಾತು ಜರ್ಮನ್‌ನಲ್ಲೇ ಇರುತ್ತದೆ ಅಂದುಕೊಂಡು ಹೋಗಿ. ಇಂಗ್ಲಿಷ್ ಮಾತಾಡುವವರು ಸಿಗಬಹುದು, ಸಿಗದೆಯೂ ಇರಬಹುದು. ಭಾಷೆ ಬಲ್ಲವರು ಒಬ್ಬರು ಜೊತೆಗಿದ್ದರೆ ಧೈರ್ಯ.

ಫಾರಂನಲ್ಲಿ ಧರ್ಮದ ಕಾಲಂ ಇರುತ್ತದೆ. ಇದನ್ನು ಸುಮ್ನೆ ತುಂಬಿಸಬೇಡಿ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಅಂತ ಬರೆದರೆ ಚರ್ಚ್ ತೆರಿಗೆ ಬರುತ್ತದೆ. ಬರ್ಲಿನ್‌ನಲ್ಲಿ ಅದು ನಿಮ್ಮ ಆದಾಯ ತೆರಿಗೆಯ ಶೇಕಡಾ 9. ಮಂಗಳೂರು, ಉಡುಪಿ ಕಡೆಯಿಂದ ಬರುವ ಕ್ರೈಸ್ತ ಕುಟುಂಬಗಳಿಗೆ ಇದು ಮೊದಲ ಸಂಬಳದ ಚೀಟಿ ನೋಡಿದ ಮೇಲೇ ಗೊತ್ತಾಗುತ್ತದೆ. ಕೊಡಬೇಕೋ ಬೇಡವೋ ಅನ್ನುವುದು ನಿಮಗೆ ಬಿಟ್ಟದ್ದು, ಆದರೆ ತಿಳಿದು ಬರೆಯಿರಿ. ಹಿಂದೂ, ಜೈನ, ಮುಸ್ಲಿಂ ಅಂತ ಬರೆದವರಿಗೆ ಈ ತೆರಿಗೆ ಇಲ್ಲ.

ಕೆಲಸ ಮುಗಿದ ಮೇಲೆ ಒಂದು ಹಾಳೆ ಕೊಡುತ್ತಾರೆ. ಕುರ್ಚಿ ಬಿಟ್ಟು ಏಳುವ ಮುಂಚೆ ಹೆಸರಿನ ಪ್ರತಿ ಅಕ್ಷರ, ಹುಟ್ಟಿದ ತಾರೀಖು, ಹುಟ್ಟಿದ ಊರು ಓದಿ ನೋಡಿ. ಅಲ್ಲೇ ಹೇಳಿದರೆ ತಕ್ಷಣ ತಿದ್ದುತ್ತಾರೆ. ಮನೆಗೆ ಬಂದ ಮೇಲೆ ಗೊತ್ತಾದರೆ ಮತ್ತೆ ಟರ್ಮಿನ್ ಹುಡುಕಬೇಕು, ಅಷ್ಟರಲ್ಲಿ ಆ ತಪ್ಪು ತೆರಿಗೆ ಇಲಾಖೆಗೂ ಹೋಗಿರುತ್ತದೆ. ಹಾಳೆಯನ್ನು ಸ್ಕ್ಯಾನ್ ಮಾಡಿ, ಮೂಲ ಪ್ರತಿಯನ್ನು ಫೈಲಿನಲ್ಲಿಡಿ.

## 5. ವಿಮೆ ಮತ್ತು ಬ್ಯಾಂಕ್: ಇವು ನೋಂದಣಿಗೆ ಕಾಯಬೇಕಿಲ್ಲ

ಆರೋಗ್ಯ ವಿಮೆಯನ್ನು ಕೆಲಸಕ್ಕೆ ಸೇರುವ ಮುಂಚೆಯೇ ಆರಿಸಿ. ಕೆಲಸದವರಿಗೆ ಸಾಮಾನ್ಯವಾಗಿ ಸರ್ಕಾರಿ ಪದ್ಧತಿಯ ವಿಮೆ, ಅದನ್ನು ನಡೆಸುವ ಸಂಸ್ಥೆಗೆ ಕ್ರಾಂಕೆನ್‌ಕಾಸೆ ಅನ್ನುತ್ತಾರೆ. ಮೂಲ ದರ ಸಂಬಳದ ಶೇಕಡಾ 14.6, ಜೊತೆಗೆ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವ ಒಂದು ಹೆಚ್ಚುವರಿ ದರ, ಎರಡರಲ್ಲೂ ಅರ್ಧ ಕಂಪನಿ ಕೊಡುತ್ತದೆ. ಆದಾಯ ಇಲ್ಲದ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ಬೇರೆ ದುಡ್ಡಿಲ್ಲದೆ ಅದರಲ್ಲೇ ಸೇರುತ್ತಾರೆ, ಆದರೆ ಅರ್ಜಿ ನೀವೇ ಹಾಕಬೇಕು, ತಾನಾಗಿ ಆಗುವುದಿಲ್ಲ.

ಸಂಬಳ ಜಾಸ್ತಿ ಇರುವವರಿಗೆ ಖಾಸಗಿ ವಿಮೆ ಅಗ್ಗ ಅಂತ ಏಜೆಂಟರು ಬೆನ್ನು ಹತ್ತುತ್ತಾರೆ. ಒಬ್ಬರೇ ಇರುವಾಗ ಅಗ್ಗವೇ ಇರಬಹುದು. ಸಂಸಾರ ಬಂದ ಮೇಲೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಟ್ಟಬೇಕು, ವಾಪಸ್ ಸರ್ಕಾರಿ ವಿಮೆಗೆ ಬರುವುದು ಕಷ್ಟ. ಮೊದಲ ವರ್ಷ ಆ ಕಡೆ ಹೋಗಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಿದ್ಯಾರ್ಥಿಗಳಿಗೆ 30 ವರ್ಷದೊಳಗೆ ವಿದ್ಯಾರ್ಥಿ ದರ ಇದೆ. ಊರಿನಿಂದ ತಂದ ಪ್ರವಾಸಿ ವಿಮೆಯನ್ನೇ ಮುಂದುವರಿಸಬಹುದು ಅಂದುಕೊಳ್ಳಬೇಡಿ, ರೆಸಿಡೆನ್ಸ್ ಪರ್ಮಿಟ್‌ಗೆ ಅದು ನಡೆಯುವುದಿಲ್ಲ.

ಬ್ಯಾಂಕ್ ವಿಷಯದಲ್ಲಿ, ಕೆಲವು ಆನ್‌ಲೈನ್ ಬ್ಯಾಂಕುಗಳು ಪಾಸ್‌ಪೋರ್ಟ್ ಮತ್ತು ಜರ್ಮನಿಯ ವಿಳಾಸ ಇದ್ದರೆ ನೋಂದಣಿ ಹಾಳೆ ಕೇಳದೆ ಖಾತೆ ತೆರೆಯುತ್ತವೆ, ಶಾಖೆ ಇರುವ ಬ್ಯಾಂಕುಗಳು ಹೆಚ್ಚಾಗಿ ಹಾಳೆ ಕೇಳುತ್ತವೆ. ಯುರೋಪಿಯನ್ ಯೂನಿಯನ್ ಒಳಗೆ ಕಾನೂನುಬದ್ಧವಾಗಿ ಇರುವ ಯಾರಿಗೇ ಆಗಲಿ ಮೂಲಭೂತ ಖಾತೆ ಪಡೆಯುವ ಹಕ್ಕಿದೆ, 2016ರಿಂದ ಜರ್ಮನಿಯಲ್ಲಿ ಅದಕ್ಕೆ ಕಾನೂನಿದೆ. ಒಂದು ಬ್ಯಾಂಕ್ ಆಗಲ್ಲ ಅಂದರೆ ಬಾಸಿಸ್‌ಕೋಂಟೋ, ಅಂದರೆ ಈ ಮೂಲಭೂತ ಖಾತೆ, ಬೇಕು ಅಂತ ಕೇಳಿ. ವಿದ್ಯಾರ್ಥಿಗಳು ಬ್ಲಾಕ್ಡ್ ಅಕೌಂಟಿನಲ್ಲಿ (ಮೊದಲೇ ದುಡ್ಡಿಟ್ಟು, ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ) ಇಟ್ಟ 11,904 ಯೂರೋ, ತಿಂಗಳಿಗೆ 992ರಂತೆ ಕೈಗೆ ಬರಬೇಕಾದರೂ ಈ ಸಾಮಾನ್ಯ ಖಾತೆ ಬೇಕು. ಹಾಗಾಗಿ ಇದನ್ನು ಮುಂದಕ್ಕೆ ಹಾಕಬೇಡಿ. ಕಾರ್ಡು ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ ಬರುವುದೂ ಉಂಟು, ಮೊದಲನೆಯದು ಬಂದ ಕೂಡಲೇ ಕಾರ್ಡ್ ಕೆಲಸ ಮಾಡ್ತಿಲ್ಲ ಅಂತ ಗಾಬರಿ ಬೇಡ.

## 6. ಆಮೇಲೆ ಬರುವ ಲಕೋಟೆಗಳು

ನೋಂದಣಿ ಆದ ಎರಡರಿಂದ ನಾಲ್ಕು ವಾರದಲ್ಲಿ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. 11 ಅಂಕಿ, ಜೀವನ ಪೂರ್ತಿ ಅದೇ. ಇದನ್ನು ಕಂಪನಿಗೆ ಕೊಡದಿದ್ದರೆ ಅವರು ಆರನೇ ತೆರಿಗೆ ವರ್ಗದಲ್ಲಿ ಹಿಡಿಯಬೇಕಾಗುತ್ತದೆ, ಅದು ಎಲ್ಲಕ್ಕಿಂತ ಜಾಸ್ತಿ ಹಿಡಿಯುವ ವರ್ಗ. ಮೊದಲ ಸಂಬಳ ಕಡಿಮೆ ಬಂದರೆ ಹೆದರಬೇಡಿ, ಸಂಖ್ಯೆ ಕೊಟ್ಟ ಮೇಲೆ ಹೆಚ್ಚಿಗೆ ಹಿಡಿದದ್ದು ಸರಿಹೋಗುತ್ತದೆ. ನಾಲ್ಕು ವಾರ ದಾಟಿದರೂ ಬರಲಿಲ್ಲ ಅಂದರೆ ಡಬ್ಬಿಯ ಮೇಲಿನ ಹೆಸರು ಮೊದಲು ನೋಡಿ, ಆಮೇಲೆ ಕೇಂದ್ರ ತೆರಿಗೆ ಕಚೇರಿಯ ಜಾಲತಾಣದಲ್ಲಿ ಮತ್ತೆ ಕಳಿಸಿ ಅಂತ ಕೇಳಿ. ಫೋನಿನಲ್ಲೋ ಇಮೇಲಿನಲ್ಲೋ ಹೇಳುವುದಿಲ್ಲ, ಮತ್ತೆ ಅಂಚೆಯಲ್ಲೇ ಬರುತ್ತದೆ.

ಇನ್ನೊಂದು ಲಕೋಟೆ ರೇಡಿಯೋ ಟೀವಿ ಶುಲ್ಕದ್ದು. ತಿಂಗಳಿಗೆ 18.36 ಯೂರೋ. ಟೀವಿ ಇಲ್ಲ, ಜರ್ಮನ್ ಬರಲ್ಲ ಅಂದರೂ ಕಟ್ಟಬೇಕು. ಮೋಸದ ಕಾಗದ ಅಂತ ಕಸದ ಬುಟ್ಟಿಗೆ ಹಾಕಿದವರಿಗೆ ಆರು ತಿಂಗಳ ಬಾಕಿ ಒಟ್ಟಿಗೆ ಬರುತ್ತದೆ. ಆದರೆ ಇದು ತಲೆಗೆ ಅಲ್ಲ, ಮನೆಗೆ. ಜೊತೆಗಿರುವವರು ಒಬ್ಬರು ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ಸಂಖ್ಯೆ ಬರೆದು ಉತ್ತರ ಕಳಿಸಿ, ಸಾಕು.

ಸರ್ಕಾರಿ ಕಚೇರಿಯೋ ಕೋರ್ಟೋ ಅಧಿಕೃತವಾಗಿ ಕಳಿಸುವ ಹಳದಿ ಲಕೋಟೆ ಬಂದರೆ ಮಾತ್ರ ಅದೇ ದಿನ ಒಡೆದು ಓದಿ. ಅದರ ಮೇಲೆ ಅಂಚೆಯವರು ಡಬ್ಬಿಗೆ ಹಾಕಿದ ತಾರೀಖನ್ನು ಕೈಯಲ್ಲೇ ಬರೆದಿರುತ್ತಾರೆ, ನಿಮಗೆ ಕೊಟ್ಟಿರುವ ಗಡುವು ಆ ತಾರೀಖಿನಿಂದಲೇ ಎಣಿಕೆ. ನೀವು ಊರಿಗೆ ಹೋಗಿದ್ದಿರಿ, ನೋಡಿರಲಿಲ್ಲ ಅಂದರೂ ಎಣಿಕೆ ನಿಲ್ಲುವುದಿಲ್ಲ. ಲಕೋಟೆಯನ್ನೂ ಎಸೆಯಬೇಡಿ. ರಜೆಗೆ ಹೋಗುವಾಗ ಡಬ್ಬಿಯ ಬೀಗದ ಕೈಯನ್ನು ನಂಬಿಕಸ್ತರಿಗೆ ಕೊಟ್ಟು ಹೋಗಿ, ಬಂದ ಕಾಗದದ ಫೋಟೋ ಕಳಿಸೋಕೆ ಹೇಳಿ.

## 7. ರೆಸಿಡೆನ್ಸ್ ಪರ್ಮಿಟ್: ವೀಸಾ ಮುಗಿಯುವ ಮುಂಚೆಯೇ

ನೋಂದಣಿ ಹಾಳೆ, ವಿಮೆಯ ಪತ್ರ, ಕೆಲಸದ ಒಪ್ಪಂದ ಅಥವಾ ಕಾಲೇಜಿನ ಪತ್ರ, ಈ ಮೂರು ಕೈಗೆ ಬಂದ ವಾರವೇ ವಲಸೆ ಕಚೇರಿಗೆ ಆನ್‌ಲೈನ್ ಅರ್ಜಿ ಹಾಕಿ. ವೀಸಾದಲ್ಲಿ ಇನ್ನೂ ಮೂರು ತಿಂಗಳಿದೆ ಅಂತ ಕೂರಬೇಡಿ. ಅರ್ಜಿ ವೀಸಾದ ಕೊನೆಯ ದಿನಕ್ಕಿಂತ ಮುಂಚೆ ಹೋಗಿರಬೇಕು, ಇದೇ ಮುಖ್ಯ. ಹೋಗಿದ್ದರೆ ತೀರ್ಮಾನ ಆಗುವ ತನಕ ನೀವು ಇಲ್ಲಿ ಕಾನೂನುಬದ್ಧವಾಗಿಯೇ ಇರುತ್ತೀರಿ. ಅರ್ಜಿ ಹಾಕಿದ ಕೂಡಲೇ ಬರುವ ದೃಢೀಕರಣವನ್ನು ಪ್ರಿಂಟ್ ಮಾಡಿಸಿ ಪಾಸ್‌ಪೋರ್ಟಿನ ಜೊತೆ ಇಡಿ, ಕಂಪನಿಯವರಿಗೂ ಒಂದು ಪ್ರತಿ ಕೊಡಿ.

ದೊಡ್ಡ ಅಪಾಯ ಇರುವುದು ಪ್ರಯಾಣದಲ್ಲಿ. ವೀಸಾ ಮುಗಿದು, ಬರೀ ಆ ದೃಢೀಕರಣದ ಪ್ರಿಂಟ್ ಕೈಯಲ್ಲಿ ಹಿಡಿದು ತಂಗಿ ಮದುವೆಗೆ ಅಂತ ಊರಿಗೆ ಹೋದರೆ ವಾಪಸ್ ಬರುವಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನಿಲ್ಲಿಸಬಹುದು. ಮರಳಿ ಒಳಗೆ ಬರೋಕೆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಅನ್ನುವ ತಾತ್ಕಾಲಿಕ ಪತ್ರ ಬೇಕು, ಅದರಲ್ಲೂ ವಿದೇಶಿಯರ ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿಗೆ ಗುರುತು ಹಾಕಿರಬೇಕು. 3ನೇ ಉಪಕಲಮಿಗೆ ಗುರುತಿದ್ದರೆ ಅದು ಪ್ರಯಾಣಕ್ಕೆ ಆಗುವುದಿಲ್ಲ. ಟಿಕೆಟ್ ಮಾಡಿಸುವ ಮುಂಚೆ ಆ ಪುಟ ತೆರೆದು ಗುರುತು ಎಲ್ಲಿದೆ ಅಂತ ನೋಡಿ.

ಇಲ್ಲೇ ಇನ್ನೊಂದು ವಿಷಯ. ನಿಮ್ಮ ಭಾರತದ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ವಾಸ ಶುರುವಾದ ಆರು ತಿಂಗಳ ತನಕ ಮಾತ್ರ. ಆಮೇಲೆ ಥಿಯರಿ ಮತ್ತು ಓಡಿಸುವ ಪರೀಕ್ಷೆ ಎರಡೂ ಬರೆದು ಜರ್ಮನಿಯದನ್ನು ಪಡೆಯಬೇಕು.

## 8. ಖಾಯಂ ಮನೆ ಹುಡುಕಾಟ

ಇಷ್ಟಾದ ಮೇಲೆ ಮನೆ ಹುಡುಕಿ. ಮುಂಚೆ ಹುಡುಕಿದರೆ ತೋರಿಸೋಕೆ ಕಾಗದ ಇರುವುದಿಲ್ಲ. ಮಾಲೀಕರು ಕೇಳುವುದು ಇವು: ಮೂರು ತಿಂಗಳ ಸಂಬಳದ ಚೀಟಿ, ಕೆಲಸದ ಒಪ್ಪಂದ, ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಪ್ರತಿ, ಶುಫಾ ವರದಿ. ಶುಫಾ ಅಂದರೆ ನಮ್ಮ ಸಿಬಿಲ್ ಥರದ್ದು. ಹೊಸಬರಿಗೆ ಅದರಲ್ಲಿ ಏನೂ ಇರುವುದಿಲ್ಲ, ಕೆಟ್ಟದ್ದೂ ಇರುವುದಿಲ್ಲ, ಅಷ್ಟೇ ಸಾಕು. ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಫೋನಿನಲ್ಲಿಟ್ಟುಕೊಳ್ಳಿ. ಜಾಹೀರಾತು ಬಂದ ಅರ್ಧ ಗಂಟೆಯಲ್ಲಿ ನೂರಾರು ಅರ್ಜಿ ಬೀಳುವ ಊರು ಇದು, ಸಂಜೆ ಮನೆಗೆ ಹೋಗಿ ಕಳಿಸುತ್ತೇನೆ ಅಂದರೆ ಆಯಿತು ಕಥೆ.

ಇಮ್ಮೋಸ್ಕೌಟ್, ಕ್ಲೈನ್‌ಆನ್‌ತ್ಸೈಗೆನ್ ಅನ್ನುವ ಜಾಹೀರಾತಿನ ಜಾಲತಾಣಗಳನ್ನು ಎಲ್ಲರೂ ನೋಡುತ್ತಾರೆ. ಅದರ ಜೊತೆಗೆ ನಗರದ ಒಡೆತನದ ಡೆಗೆವೊ, ಗೆವೊಬಾಗ್, ಹೊವೊಗೆ, ಗೆಸೊಬಾವ್ ಥರದ ಸಂಸ್ಥೆಗಳ ಮನೆಗಳನ್ನೂ ನೋಡಿ, ಬಾಡಿಗೆ ಕಡಿಮೆ, ಮೋಸದ ಭಯ ಇಲ್ಲ. ಜಾಹೀರಾತಿನಲ್ಲಿ ‘ಡಬ್ಲ್ಯುಬಿಎಸ್’ ಅಂತಿದ್ದರೆ ಅದು ಕಡಿಮೆ ಆದಾಯದವರಿಗೆ ಮೀಸಲು, ಆ ಪತ್ರ ಇಲ್ಲದವರು ಮುಂದೆ ಹೋಗಿ.

ಬಾಡಿಗೆಯಲ್ಲಿ ಎರಡು ಮೊತ್ತ ಇರುತ್ತವೆ. ತಣ್ಣನೆಯ ಬಾಡಿಗೆ ಅಂದರೆ ಬರೀ ಮನೆಗೆ. ಬೆಚ್ಚನೆಯ ಬಾಡಿಗೆ ಅಂದರೆ ಹೀಟರು, ನೀರು, ಕಸ ಎಲ್ಲ ಸೇರಿ. ಕೈಯಿಂದ ಹೋಗುವುದು ಎರಡನೆಯದು, ಅದನ್ನೇ ಲೆಕ್ಕ ಹಾಕಿ. ಕರೆಂಟು ಇಂಟರ್ನೆಟ್ ಸಾಮಾನ್ಯವಾಗಿ ಅದರ ಮೇಲೆ ಬೇರೆ. ಅಡ್ವಾನ್ಸ್ ಮೂರು ತಿಂಗಳ ತಣ್ಣನೆಯ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಮಾಲೀಕರು ನೇಮಿಸಿದ ಏಜೆಂಟರಿಗೆ ನೀವು ಕಮಿಷನ್ ಕೊಡಬೇಕಿಲ್ಲ, 2015ರಿಂದ ಯಾರು ಕರೆಸಿದರೋ ಅವರೇ ಕೊಡಬೇಕು.

ಮೋಸದ ಗುರುತುಗಳು ಯಾವಾಗಲೂ ಒಂದೇ ಥರ. ಒಳ್ಳೆಯ ಏರಿಯಾ, ಪತ್ರಿಕೆಯಲ್ಲಿ ಬರುವಂಥ ಫೋಟೋ, ಬಾಡಿಗೆ ಮಾತ್ರ ಅರ್ಧ. ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಮನೆ ತೋರಿಸೋಕೆ ಯಾರೂ ಇಲ್ಲ, ದುಡ್ಡು ಹಾಕಿದರೆ ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದೆ. ಜೊತೆಗೆ ಯಾರದೋ ಪಾಸ್‌ಪೋರ್ಟಿನ ಫೋಟೋ ಕಳಿಸಿ ನಂಬಿಸುತ್ತಾರೆ. ಮನೆಯೊಳಗೆ ಕಾಲಿಡದೆ, ಕರಾರಿಗೆ ಸಹಿಯಾಗದೆ ಒಂದು ಯೂರೋ ಕೂಡ ಕಳಿಸಬೇಡಿ. ನಿಮ್ಮ ಪಾಸ್‌ಪೋರ್ಟ್ ಪ್ರತಿಯನ್ನೂ ಮನೆ ನೋಡುವ ಮುಂಚೆ ಕೊಡಬೇಡಿ.

## 9. ಮನೆ ಸೇರುವ ದಿನ ಮತ್ತು ಆಮೇಲೆ

ಬೀಗದ ಕೈ ತೆಗೆದುಕೊಳ್ಳುವಾಗ ಹಸ್ತಾಂತರದ ಪಟ್ಟಿ ಮಾಡುತ್ತಾರೆ. ಅವಸರ ಮಾಡಬೇಡಿ. ಗೋಡೆಯ ಕಲೆ, ನೆಲದ ಗೀರು, ಒಡೆದ ಟೈಲ್ಸ್, ಕಿಟಕಿಯ ಹಿಡಿ, ಎಲ್ಲ ಅದರಲ್ಲಿ ಬರೆಸಿ, ಫೋಟೋ ತೆಗೆಯಿರಿ. ಅಡ್ವಾನ್ಸ್ ವಾಪಸ್ ಬರುವಾಗ ಜಗಳ ಆಗುವುದು ಇಲ್ಲಿ ಬರೆಸದ ವಿಷಯಕ್ಕೇ. ಕರೆಂಟ್ ಮೀಟರ್ ನಂಬರ್ ಮತ್ತು ಅಂಕಿ ಬರೆದುಕೊಳ್ಳಿ. ನೀವು ಯಾವ ಕಂಪನಿಯನ್ನೂ ಆರಿಸದಿದ್ದರೂ ಕರೆಂಟು ಇರುತ್ತದೆ, ಬಿಲ್ಲು ಮಾತ್ರ ಮೂಲ ಸರಬರಾಜುದಾರರ ದರದಲ್ಲಿ ಬರುತ್ತದೆ. ಅದು ಸಾಮಾನ್ಯವಾಗಿ ಜಾಸ್ತಿ, ಮೊದಲ ವಾರದಲ್ಲೇ ಹೋಲಿಸಿ ಬದಲಾಯಿಸಿ. ಎಷ್ಟೋ ಮನೆಗಳಲ್ಲಿ ಛಾವಣಿಯಿಂದ ಬರೀ ವೈರು ಇಳಿಬಿದ್ದಿರುತ್ತದೆ, ಬಲ್ಬು ಸಿಕ್ಕಿಸೋಕೂ ಏನೂ ಇರುವುದಿಲ್ಲ, ಹಾಗಾಗಿ ಮೊದಲ ರಾತ್ರಿಗೆ ಒಂದು ಟೇಬಲ್ ಲೈಟ್ ತೆಗೆದುಕೊಂಡೇ ಹೋಗಿ.

ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮತ್ತು ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಇಡ್ಲಿ ದೋಸೆ ಹಿಟ್ಟನ್ನು ಶನಿವಾರ ಸಂಜೆಯೊಳಗೆ ರುಬ್ಬಿಟ್ಟುಕೊಳ್ಳಿ, ಭಾನುವಾರ ಬೆಳಿಗ್ಗೆ ಮಿಕ್ಸಿ ಹಾಕಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ದಿನಸಿಯೂ ಶನಿವಾರವೇ ತರಬೇಕು, ಭಾನುವಾರ ಅಂಗಡಿ ಮುಚ್ಚಿರುತ್ತವೆ. ತೀರಾ ಬೇಕಾದರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ, ಇಲ್ಲವೇ ಷ್ಪೇಟಿ ಅನ್ನುವ ಮೂಲೆಯ ಚಿಕ್ಕ ಅಂಗಡಿ. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಹಾಕಿ ಕಿಟಕಿ ತೆರೆಯಿರಿ, ಪ್ಯಾಸೇಜು ಮತ್ತು ರೂಮುಗಳಲ್ಲಿ ಹೊಗೆ ಸೂಚಕ ಇರುತ್ತದೆ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಡಿ. ಅನ್ನ ಸಾರು ಬೇಯಿಸಿದ ಹಬೆ, ಒಳಗೇ ಒಣಹಾಕಿದ ಬಟ್ಟೆ, ಎರಡೂ ಸೇರಿ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ, ಅದರ ಖರ್ಚು ನಿಮ್ಮ ತಲೆಗೇ ಕಟ್ಟುತ್ತಾರೆ.

ಕಾಯಿಲೆ ಬಿದ್ದರೆ: ಜೀವಕ್ಕೆ ಅಪಾಯ ಅನ್ನಿಸಿದರೆ 112, ಡಾಕ್ಟರು ಬೇಕು ಆದರೆ ಕ್ಲಿನಿಕ್ ಮುಚ್ಚಿದೆ ಅಂದರೆ 116117, ಪೊಲೀಸರು 110. ಕಂಪನಿಗೆ ಮೊದಲ ದಿನ ಬೆಳಿಗ್ಗೆಯೇ ತಿಳಿಸಬೇಕು.

ಹೊಸ ಮನೆಗೆ ಬಂದ ಎರಡು ವಾರದೊಳಗೆ ಮತ್ತೆ ನೋಂದಣಿ ಮಾಡಿಸಬೇಕು, ಮತ್ತೆ ಸಹಿ ಹಾಕಿದ ಫಾರಂ ಬೇಕು. ಬ್ಯಾಂಕು, ವಿಮೆ, ಕಂಪನಿ, ವಲಸೆ ಕಚೇರಿ, ಎಲ್ಲರಿಗೂ ಹೊಸ ವಿಳಾಸ ನೀವೇ ತಿಳಿಸಿ. ಹಳೆಯ ವಿಳಾಸದಿಂದ ಕಾಗದಗಳನ್ನು ಹೊಸದಕ್ಕೆ ತಿರುಗಿಸುವ ಸೇವೆ ಅಂಚೆಯವರಲ್ಲಿ ದುಡ್ಡಿಗೆ ಸಿಗುತ್ತದೆ, ಮನೆ ಬಿಡುವ ವಾರದ ಮುಂಚೆಯೇ ಮಾಡಿಸಿ. ಮುಂದೆ ಜರ್ಮನಿ ಬಿಟ್ಟು ಹೊರಡುವಾಗ ನೋಂದಣಿ ರದ್ದು ಮಾಡಿಸಬೇಕು. ಅದನ್ನು ಹೊರಡುವ ದಿನಕ್ಕೆ ಒಂದು ವಾರ ಇರುವಾಗಿನಿಂದ ಮಾಡಿಸಬಹುದು. ಬಾಡಿಗೆ ಮನೆ ಬಿಡೋಕೆ ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಬೇಕು, ಅದೂ ಕಾಗದದ ಮೇಲೆ ಸಹಿ ಮಾಡಿ ಕಳಿಸಿದ್ದು. ಇಮೇಲ್ ಕಳಿಸಿ ಆಯಿತು ಅಂದುಕೊಂಡರೆ ಆ ಮೂರು ತಿಂಗಳ ಎಣಿಕೆ ಶುರುವೇ ಆಗಿರುವುದಿಲ್ಲ.